ಪೈಲಟ್ ತರಬೇತಿ: ಶುಲ್ಕ ಕಟ್ಟುವ ಮುನ್ನ ಕೇಳಲೇಬೇಕಾದ ಲೆಕ್ಕ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಜಾಹೀರಾತುಗಳ ಸಾಲಿನಲ್ಲಿ ಈಗ ವೈಮಾನಿಕ ತರಬೇತಿ ಶಾಲೆಗಳ ಜಾಹೀರಾತುಗಳೂ ಸೇರಿಕೊಂಡಿವೆ. ಬಿಳಿ ಸಮವಸ್ತ್ರ, ಭುಜದ ಮೇಲೆ ಹೊಂಬಣ್ಣದ ಪಟ್ಟಿ, ಹಿನ್ನೆಲೆಯಲ್ಲಿ ಜೆಟ್ ವಿಮಾನ, ಕೆಳಗೆ ‘ಒಂದೂವರೆ ವರ್ಷದಲ್ಲಿ ಪೈಲಟ್’ ಎಂಬ ಭರವಸೆ. ಅರ್ಧ ಕೋಟಿ ರೂಪಾಯಿಯ ಆಸುಪಾಸಿನ ವೆಚ್ಚಕ್ಕಾಗಿ ಮನೆ ಅಡವಿಡುವ, ಜಮೀನು ಮಾರುವ ಪೋಷಕರಿದ್ದಾರೆ. ಇಷ್ಟು ದೊಡ್ಡ ಮೊತ್ತ ತೆರುವವರು ಶಾಲೆಯಿಂದ ಪ್ರತಿಯಾಗಿ ಏನನ್ನು ನಿರೀಕ್ಷಿಸಬೇಕು ಎಂಬ ಪ್ರಶ್ನೆ ಮಾತ್ರ ಬಹುತೇಕ ಮನೆಗಳಲ್ಲಿ ಚರ್ಚೆಗೇ ಬರುವುದಿಲ್ಲ.

ಬೇಡಿಕೆ ಇರುವುದು ಸುಳ್ಳಲ್ಲ. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಖರೀದಿ ಪ್ರಕಟಿಸಿತು. ಅದೇ ವರ್ಷದ ಜೂನ್‌ನಲ್ಲಿ ಇಂಡಿಗೊ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. 2025ರ ಡಿಸೆಂಬರ್‌ನಲ್ಲಿ ಪೈಲಟ್‌ಗಳ ವಿಶ್ರಾಂತಿ ಕುರಿತ ಹೊಸ ನಿಯಮಗಳಿಗೆ ಹೊಂದಿಕೊಳ್ಳಲಾಗದೆ ಇಂಡಿಗೊದ ಸಾವಿರಾರು ಹಾರಾಟಗಳು ರದ್ದಾದಾಗ, ‘ದೇಶದಲ್ಲಿ ಪೈಲಟ್‌ಗಳ ಕೊರತೆ’ ಎಂಬ ಮಾತು ಮನೆಮನೆಗೂ ತಲುಪಿತು. ತರಬೇತಿ ಶಾಲೆಗಳಿಗೆ ಇದಕ್ಕಿಂತ ಒಳ್ಳೆಯ ಪ್ರಚಾರ ಬೇಕಿರಲಿಲ್ಲ.

ಆದರೆ ಕೊರತೆ ಇರುವುದು ಯಾರದು ಎಂಬುದನ್ನು ಬಿಡಿಸಿ ನೋಡಬೇಕು. ವಿಮಾನಯಾನ ಕಂಪನಿಗಳಿಗೆ ಮುಖ್ಯವಾಗಿ ಬೇಕಿರುವುದು ಅನುಭವಿ ಕ್ಯಾಪ್ಟನ್‌ಗಳು ಹಾಗೂ ನಿರ್ದಿಷ್ಟ ಮಾದರಿಯ ವಿಮಾನ ಹಾರಿಸಲು ಅರ್ಹತೆ ಪಡೆದವರು. ಈಗಷ್ಟೇ ವಾಣಿಜ್ಯ ಪೈಲಟ್ ಪರವಾನಗಿ ಪಡೆದು ಹೊರಬಂದ ಯುವಕನ ಮುಂದೆ ಇನ್ನೂ ಮಾದರಿ ತರಬೇತಿ, ಕಂಪನಿಯ ಪ್ರವೇಶ ಪರೀಕ್ಷೆ, ಸಂದರ್ಶನಗಳ ಸಾಲಿದೆ. 2022ರಲ್ಲಿ 1165 ವಾಣಿಜ್ಯ ಪರವಾನಗಿ ನೀಡಿದ್ದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2023ರಲ್ಲಿ 1622 ಪರವಾನಗಿ ನೀಡಿತು. ಸ್ಪರ್ಧೆಯೂ ಅದೇ ವೇಗದಲ್ಲಿ ಹೆಚ್ಚುತ್ತಿದೆ. ಹೀಗಾಗಿ ಯಾವ ಶಾಲೆಯೂ ಉದ್ಯೋಗದ ಖಾತರಿ ಕೊಡಲಾರದು. ಕೊಡುತ್ತೇನೆ ಎಂದರೆ ಅದನ್ನು ಲಿಖಿತವಾಗಿ ಕೇಳುವುದು ಲೇಸು. ಶಾಲೆ ಕೊಡಬಹುದಾದದ್ದು, ಕೊಡಲೇಬೇಕಾದದ್ದು ಬೇರೆಯೇ ಇದೆ. ಅದನ್ನು ಗಂಟೆಗಳಲ್ಲಿ ಎಣಿಸಬಹುದು.

ಇನ್ನೂರು ಗಂಟೆಗಳ ಒಳಗೇನಿದೆ?

ಭಾರತದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ 18 ವರ್ಷ ವಯಸ್ಸು, ಪ್ರಥಮ ದರ್ಜೆಯ ವೈದ್ಯಕೀಯ ಅರ್ಹತೆ, ಡಿಜಿಸಿಎ ನಡೆಸುವ ಲಿಖಿತ ಪರೀಕ್ಷೆಗಳಲ್ಲಿ ತೇರ್ಗಡೆ ಹಾಗೂ ಕನಿಷ್ಠ 200 ಗಂಟೆಗಳ ಹಾರಾಟ ಅಗತ್ಯ. ಈ 200 ಗಂಟೆ ಒಂದೇ ರಾಶಿಯಲ್ಲ. ಅದರಲ್ಲಿ 100 ಗಂಟೆಯಾದರೂ ವಿದ್ಯಾರ್ಥಿಯೇ ವಿಮಾನದ ಹೊಣೆ ಹೊತ್ತು ಹಾರಿಸಿರಬೇಕು. ಊರಿಂದೂರಿಗೆ ಸಾಗುವ ದೂರ ಹಾರಾಟ 20 ಗಂಟೆಗೆ ಕಡಿಮೆ ಇರಬಾರದು. ಅದರಲ್ಲಿ ಒಂದು ಹಾರಾಟ 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿಲೋಮೀಟರ್ ಸಾಗಿ, ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ಬಂದಿರಬೇಕು. ಹೊರಗಿನ ದೃಶ್ಯ ನೋಡದೆ ಉಪಕರಣಗಳನ್ನಷ್ಟೇ ನಂಬಿ ಹಾರಿಸುವ ಅಭ್ಯಾಸ 10 ಗಂಟೆ ಆಗಬೇಕು. ಇದರಲ್ಲಿ ಸಿಮ್ಯುಲೇಟರ್‌ನ ಪಾಲು 5 ಗಂಟೆ ಮೀರುವಂತಿಲ್ಲ. ರಾತ್ರಿ ಹಾರಾಟ 5 ಗಂಟೆ, ಅದರಲ್ಲಿ ಕನಿಷ್ಠ 10 ಬಾರಿ ಏರುವುದು ಮತ್ತು ಇಳಿಯುವುದು ಕಡ್ಡಾಯ.

ಶಾಲೆಯ ಸಾಮರ್ಥ್ಯ ಪರೀಕ್ಷೆಗೊಳಗಾಗುವುದು ಇಲ್ಲಿಯೇ. ರನ್‌ವೇಯಲ್ಲಿ ರಾತ್ರಿ ದೀಪದ ವ್ಯವಸ್ಥೆ ಇಲ್ಲದಿದ್ದರೆ ರಾತ್ರಿ ಹಾರಾಟಕ್ಕೆ ವಿದ್ಯಾರ್ಥಿ ಬೇರೆ ಊರಿಗೆ ಹೋಗಬೇಕು. ಎರಡು ಎಂಜಿನ್‌ನ ವಿಮಾನ ಶಾಲೆಯಲ್ಲಿ ಇಲ್ಲದಿದ್ದರೆ, ವಿಮಾನಯಾನ ಕಂಪನಿಗಳು ಅಪೇಕ್ಷಿಸುವ ಆ ಅರ್ಹತೆಗಾಗಿ ಮತ್ತೊಂದು ಸಂಸ್ಥೆಗೆ ಮತ್ತೆ ಹಣ ತೆರಬೇಕು. ‘ಒಟ್ಟು ಶುಲ್ಕ’ ಎಂದು ಹೇಳಿದ ಮೊತ್ತದಲ್ಲಿ ಇವೆಲ್ಲ ಸೇರಿವೆಯೇ ಎಂಬುದನ್ನು ಪ್ರವೇಶಕ್ಕೆ ಮೊದಲೇ ತಿಳಿಯಬೇಕು.

ತಿಂಗಳ ಲೆಕ್ಕವೇ ನಿಜವಾದ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಶಾಲೆಯಲ್ಲಿ 10 ವಿಮಾನಗಳಿವೆ ಎಂದು ಜಾಹೀರಾತು ಹೇಳುತ್ತದೆ. ಅವುಗಳಲ್ಲಿ ನಾಲ್ಕು ಬಿಡಿಭಾಗಕ್ಕಾಗಿಯೋ ದುರಸ್ತಿಗಾಗಿಯೋ ಹ್ಯಾಂಗರ್‌ನಲ್ಲಿ ನಿಂತಿವೆ. ಹಾರುವ ಆರು ವಿಮಾನಗಳು ತಿಂಗಳಿಗೆ ತಲಾ 70 ಗಂಟೆ ಹಾರಿದರೆ ದೊರೆಯುವುದು 420 ಗಂಟೆ. ವಿದ್ಯಾರ್ಥಿಗಳ ಸಂಖ್ಯೆ 60 ಇದ್ದರೆ ಒಬ್ಬರಿಗೆ ಬರುವ ಪಾಲು ತಿಂಗಳಿಗೆ 7 ಗಂಟೆ. ಆ ವೇಗದಲ್ಲಿ 200 ಗಂಟೆ ಮುಗಿಯಲು 28 ತಿಂಗಳಿಗೂ ಹೆಚ್ಚು ಬೇಕು. ವಿದ್ಯಾರ್ಥಿಗಳು 30 ಮಂದಿ ಇದ್ದರೆ ಅದೇ ಕೆಲಸ 15 ತಿಂಗಳೊಳಗೆ ಮುಗಿಯುತ್ತದೆ. ಶಾಲೆ ಅದೇ, ವಿಮಾನಗಳು ಅವೇ. ವ್ಯತ್ಯಾಸ ಇರುವುದು ಪ್ರವೇಶ ಕೊಟ್ಟವರ ಸಂಖ್ಯೆಯಲ್ಲಿ.

ವಿಳಂಬದಿಂದಾಗುವ ನಷ್ಟ ಊಟ–ವಸತಿಯ ಖರ್ಚಿಗೆ ಸೀಮಿತವಲ್ಲ. ಪರವಾನಗಿಗೆ ಅರ್ಜಿ ಹಾಕುವ ದಿನದಿಂದ ಹಿಂದಿನ ಐದು ವರ್ಷಗಳೊಳಗಿನ ಹಾರಾಟ ಮಾತ್ರ ಲೆಕ್ಕಕ್ಕೆ ಬರುತ್ತದೆ. ವಿದ್ಯಾರ್ಥಿಯೇ ಹೊಣೆ ಹೊತ್ತು ನಡೆಸಿದ ಹಾರಾಟದಲ್ಲಿ 15 ಗಂಟೆಯಾದರೂ ಕೊನೆಯ ಆರು ತಿಂಗಳಲ್ಲಿ ಆಗಿರಬೇಕು. ಹಾರಾಟ ಪರೀಕ್ಷೆಗಳಿಗೂ ಇಂಥದೇ ಆರು ತಿಂಗಳ ಗಡಿ ಇದೆ. ವಿಮಾನ ಸಿಗದೆ, ಪರೀಕ್ಷಕರು ಸಿಗದೆ ಈ ಗಡಿ ದಾಟಿದರೆ ಮುಗಿಸಿದ್ದ ಹಾರಾಟವನ್ನೇ ಮತ್ತೆ ಹಣ ತೆತ್ತು ಮಾಡಬೇಕಾಗುತ್ತದೆ. ತಪ್ಪು ಶಾಲೆಯದ್ದಾದರೂ ದಂಡ ಬೀಳುವುದು ವಿದ್ಯಾರ್ಥಿಗೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಸರಳ. ಇಂದು ಹಾರಾಟಕ್ಕೆ ಯೋಗ್ಯವಾಗಿರುವ ವಿಮಾನಗಳೆಷ್ಟು? ಈಗ ಓದುತ್ತಿರುವ ವಿದ್ಯಾರ್ಥಿಗಳೆಷ್ಟು? ಪೂರ್ಣಾವಧಿ ಬೋಧಕರೆಷ್ಟು? ಕಳೆದ ಆರು ತಿಂಗಳಲ್ಲಿ ಒಬ್ಬ ವಿದ್ಯಾರ್ಥಿ ಸರಾಸರಿ ಎಷ್ಟು ಗಂಟೆ ಹಾರಿದ್ದಾನೆ? ಉತ್ತರವನ್ನು ಕಚೇರಿಯ ಮೇಜಿನಲ್ಲಿ ಕೇಳಿದರೆ ಸಾಲದು. ಒಂದು ಬೆಳಗ್ಗೆ ರನ್‌ವೇ ಬಳಿ ನಿಂತು ಎಷ್ಟು ವಿಮಾನಗಳು ಮೇಲೇರುತ್ತವೆ ಎಂದು ಎಣಿಸಬೇಕು, ಕೊನೆಯ ಹಂತದಲ್ಲಿರುವ ವಿದ್ಯಾರ್ಥಿಗಳನ್ನು ಮಾತನಾಡಿಸಬೇಕು.

ರಾಜ್ಯದ ಅನುಭವ

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿಯಿದೆ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಮೈಸೂರು ಸಂಸ್ಥಾನದ ಕೊನೆಯ ದಿನಗಳಲ್ಲಿ, ಜಯಚಾಮರಾಜೇಂದ್ರ ಒಡೆಯರ್ ಅವರ ಪ್ರೋತ್ಸಾಹದಿಂದ ತಲೆಯೆತ್ತಿದ ಸಂಸ್ಥೆ. ನೂರಾರು ಪೈಲಟ್‌ಗಳನ್ನು ರೂಪಿಸಿದ ಈ ಶಾಲೆ ಬಳ್ಳಾರಿ ರಸ್ತೆಯ ಮೇಲ್ಸೇತುವೆಯಿಂದ ರನ್‌ವೇಗೆ ಎದುರಾದ ಅಡ್ಡಿ ಹಾಗೂ ಬೋಧಕರ ಕೊರತೆಯಿಂದ ವರ್ಷಗಟ್ಟಲೆ ಕುಂಟಿತು. ಹೆಸರು, ಇತಿಹಾಸ, ಭೂಮಿ ಎಲ್ಲವೂ ಇದ್ದು ಬೋಧಕರೂ ರನ್‌ವೇಯೂ ಇಲ್ಲದಿದ್ದರೆ ವಿದ್ಯಾರ್ಥಿಯ ದಿನಚರಿ ಪುಸ್ತಕದಲ್ಲಿ ಒಂದು ಗಂಟೆಯೂ ಸೇರದು.

ಇನ್ನೊಂದೆಡೆ, ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ಹೊಸ ತರಬೇತಿ ಸಂಸ್ಥೆಗಳಿಗೆ ಜಾಗ ಹಂಚಿದ ಐದು ನಿಲ್ದಾಣಗಳ ಪೈಕಿ ಎರಡು ಕರ್ನಾಟಕದವು: ಬೆಳಗಾವಿ ಮತ್ತು ಕಲಬುರಗಿ. ನಮ್ಮ ಹುಡುಗ–ಹುಡುಗಿಯರು ಹೊರರಾಜ್ಯಕ್ಕೆ ಹೋಗದೆ ಕಲಿಯಲು ಇದರಿಂದ ಅವಕಾಶವಾಯಿತು. ಆದರೂ ಊರಿನ ಹವೆಯನ್ನು ಮರೆಯುವಂತಿಲ್ಲ. ಬೆಳಗಾವಿಯ ಮುಂಗಾರು ದಿನಗಟ್ಟಲೆ ಮೋಡ ಕವಿಸುತ್ತದೆ. ಕಲಬುರಗಿಯ ಬೇಸಿಗೆ ಮಧ್ಯಾಹ್ನದ ಬಿಸಿಗಾಳಿ ಸಣ್ಣ ವಿಮಾನದ ಶಕ್ತಿಯನ್ನು ಕುಗ್ಗಿಸುತ್ತದೆ. ಮಳೆಗಾಲದಲ್ಲಿ ಎಷ್ಟು ಹಾರಾಟ ನಡೆಯಿತು ಎಂದು ಕೇಳುವ ಪೋಷಕ ಅರ್ಧ ಪರೀಕ್ಷೆ ಗೆದ್ದಂತೆ.

ಶ್ರೇಣಿ ಪಟ್ಟಿ ಹೇಳಿದ ಸತ್ಯ

ಬಹುಕಾಲ ವಿದ್ಯಾರ್ಥಿಗಳಿಗೆ ಶಾಲೆಗಳನ್ನು ಹೋಲಿಸಿ ನೋಡುವ ಅಧಿಕೃತ ಸಾಧನವೇ ಇರಲಿಲ್ಲ. ಡಿಜಿಸಿಎ 2025ರ ಅಕ್ಟೋಬರ್ 1ರಿಂದ ಜಾರಿಗೆ ಬರುವಂತೆ ಮೊದಲ ಬಾರಿಗೆ ಶ್ರೇಣಿ ಪಟ್ಟಿ ಪ್ರಕಟಿಸಿತು. ಕಾರ್ಯಕ್ಷಮತೆ, ಕಾರ್ಯಾಚರಣೆ, ಸುರಕ್ಷತೆ, ನಿಯಮ ಪಾಲನೆ, ವಿದ್ಯಾರ್ಥಿಗಳಿಗೆ ದೊರೆಯುವ ನೆರವು ಇವುಗಳ ಆಧಾರದ ಮೇಲೆ ಅಂಕ ನೀಡಲಾಯಿತು. ಪರಿಶೀಲನೆಗೊಳಗಾದ 35 ಸಂಸ್ಥೆಗಳಲ್ಲಿ ಒಂದೂ ಮೇಲಿನ ಎರಡು ಶ್ರೇಣಿಗೆ ಏರಲಿಲ್ಲ. ಶೇ 50ರಿಂದ 70ರವರೆಗಿನ ಅಂಕದ ‘ಬಿ’ ಶ್ರೇಣಿಯಲ್ಲಿ 13, ಶೇ 50ಕ್ಕಿಂತ ಕಡಿಮೆ ಅಂಕದ ‘ಸಿ’ ಶ್ರೇಣಿಯಲ್ಲಿ 22 ಸಂಸ್ಥೆಗಳು ಉಳಿದವು.

ಲಿಖಿತ ಪರೀಕ್ಷೆಯಲ್ಲಿ ಶೇ 70 ಅಂಕ ಗಳಿಸದ ವಿದ್ಯಾರ್ಥಿಯನ್ನು ಇದೇ ವ್ಯವಸ್ಥೆ ಅನುತ್ತೀರ್ಣನೆಂದು ಘೋಷಿಸುತ್ತದೆ. ಅದೇ ಅಳತೆಗೋಲನ್ನು ಶಾಲೆಗಳಿಗೆ ಹಿಡಿದರೆ ಆ ಪಟ್ಟಿಯ ಒಂದು ಶಾಲೆಯೂ ತೇರ್ಗಡೆಯಾಗದು. ವರ್ಷಕ್ಕೆ ಎರಡು ಬಾರಿ ಪರಿಷ್ಕರಿಸುವ ಉದ್ದೇಶದ ಪಟ್ಟಿ ಇದಾದ್ದರಿಂದ ಪ್ರವೇಶ ಪಡೆಯುವವರು ಇತ್ತೀಚಿನ ಶ್ರೇಣಿಯನ್ನೇ ನೋಡಬೇಕು. ಶ್ರೇಣಿ ಒಂದು ಸೂಚಕ ಮಾತ್ರ. ಸ್ವತಃ ಹೋಗಿ ನೋಡುವುದಕ್ಕೆ ಅದು ಪರ್ಯಾಯವಲ್ಲ.

‘ಇಂದು ಹಾರುವುದಿಲ್ಲ’ ಎನ್ನುವ ಹಕ್ಕು

2023ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಬಾರಾಮತಿ ಬಳಿ ಒಂದೇ ವಾರದೊಳಗೆ ಒಂದೇ ಸಂಸ್ಥೆಯ ಎರಡು ತರಬೇತಿ ವಿಮಾನಗಳು ಅಪಘಾತಕ್ಕೀಡಾದವು. ಡಿಜಿಸಿಎ ಆ ಸಂಸ್ಥೆಯ ತರಬೇತಿಯನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿತು. ಅಂಥ ಆದೇಶ ಹೊರಬಿದ್ದ ದಿನ ಅಲ್ಲಿನ ಪ್ರತಿ ವಿದ್ಯಾರ್ಥಿಯ ಹಾರಾಟವೂ ನಿಲ್ಲುತ್ತದೆ, ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಸುರಕ್ಷತೆ ಎಂಬುದು ಗೋಡೆಯ ಮೇಲಿನ ಫಲಕವಲ್ಲ. ಸಣ್ಣ ತರಬೇತಿ ವಿಮಾನಗಳಿಗೆ ಸಾಮಾನ್ಯವಾಗಿ 50 ಮತ್ತು 100 ಗಂಟೆಗಳ ಹಾರಾಟಕ್ಕೊಮ್ಮೆ ನಿಗದಿತ ತಪಾಸಣೆ ನಡೆಯಬೇಕು. ವಿದ್ಯಾರ್ಥಿ ಕಂಡ ದೋಷವನ್ನು ವಿಮಾನದ ದಾಖಲೆಯಲ್ಲಿ ಬರೆಯಲು ಶಾಲೆ ಬಿಡುತ್ತದೆಯೇ? ಬರೆದ ದೋಷ ಸರಿಪಡಿಸುವವರೆಗೆ ವಿಮಾನ ನಿಲ್ಲಿಸುತ್ತದೆಯೇ? ಹವೆ ಸರಿಯಿಲ್ಲ, ಮೈ ಸರಿಯಿಲ್ಲ ಎಂದು ವಿದ್ಯಾರ್ಥಿ ಹಾರಾಟ ನಿರಾಕರಿಸಿದರೆ ದಂಡ ವಿಧಿಸುತ್ತದೆಯೇ? ಈ ಮೂರು ಪ್ರಶ್ನೆಗಳ ಉತ್ತರದಲ್ಲಿ ಶಾಲೆಯ ನಿಜ ಸ್ವರೂಪವಿದೆ. ‘ಇಲ್ಲ’ ಎನ್ನಲು ಹೆದರುವುದನ್ನು ಕಲಿತ ವಿದ್ಯಾರ್ಥಿ ನಾಳೆ 180 ಪ್ರಯಾಣಿಕರನ್ನು ಹೊತ್ತಾಗಲೂ ಹೆದರುತ್ತಾನೆ.

ದಾಖಲೆಯಲ್ಲಿ ಹಾರಿದ ವಿಮಾನ

ಶಾಲೆ ಮತ್ತು ವಿದ್ಯಾರ್ಥಿ ಇಬ್ಬರೂ ಜಾರಬಹುದಾದ ಇನ್ನೊಂದು ಇಳಿಜಾರಿದೆ. 2011ರಲ್ಲಿ ನಕಲಿ ಅಂಕಪಟ್ಟಿ ನೀಡಿ ಪರವಾನಗಿ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದಾಗ ದೇಶ ಬೆಚ್ಚಿತ್ತು. ಅದೇ ವರ್ಷ ರಾಜಸ್ಥಾನದಲ್ಲಿ ಹಾರದ ಗಂಟೆಗಳನ್ನು ಹಾರಿದಂತೆ ದಾಖಲಿಸಿದ ಪ್ರಕರಣ ಬಯಲಾಗಿ ಬಂಧನಗಳಾದವು, ತರಬೇತಿ ಶಾಲೆಗಳ ಲೆಕ್ಕಪತ್ರ ತಪಾಸಣೆಗೆ ಡಿಜಿಸಿಎ ಮುಂದಾಯಿತು. ವಿಮಾನಗಳ ಕೊರತೆ, ಬೋಧಕರ ಕೊರತೆ, ಮುಗಿಯುತ್ತಿರುವ ಹಣ ಇವು ಮೂರೂ ಸೇರಿದಾಗ ‘ಹತ್ತು ಗಂಟೆ ಬರೆದುಕೊಳ್ಳಿ’ ಎಂಬ ಆಮಿಷ ಹುಟ್ಟುತ್ತದೆ. ಅದನ್ನು ಒಪ್ಪಿದವನ ವೃತ್ತಿ ಬಯಲಾದ ದಿನವೇ ಮುಗಿಯುತ್ತದೆ. ಬಯಲಾಗದೆ ಉಳಿದರೆ ಅಪಾಯ ಇನ್ನೂ ದೊಡ್ಡದು, ಏಕೆಂದರೆ ಅವನ ಹಿಂದಿನ ಆಸನಗಳಲ್ಲಿ ನಾವು ಕುಳಿತಿರುತ್ತೇವೆ.

ಹಣದ ವಿಷಯದಲ್ಲಿ ಎಚ್ಚರ

ಮೊದಲ ಕಂತು ಕಟ್ಟುವ ಮುನ್ನ ವೈದ್ಯಕೀಯ ಪರೀಕ್ಷೆ ಮುಗಿಸಬೇಕು. ಡಿಜಿಸಿಎ ಮಾನ್ಯತೆ ಪಡೆದ ವೈದ್ಯರಲ್ಲಿ ದ್ವಿತೀಯ ದರ್ಜೆಯ, ನಂತರ ಪ್ರಥಮ ದರ್ಜೆಯ ತಪಾಸಣೆ ಮಾಡಿಸಿಕೊಂಡರೆ, ಅರ್ಹತೆ ಇಲ್ಲವೆಂಬ ಕಹಿ ಸತ್ಯ ಲಕ್ಷಾಂತರ ರೂಪಾಯಿ ಕೈಬಿಟ್ಟ ಮೇಲೆ ತಿಳಿಯುವುದು ತಪ್ಪುತ್ತದೆ. ಲಿಖಿತ ಪರೀಕ್ಷೆಗಳನ್ನೂ ಸಾಧ್ಯವಾದಷ್ಟು ಮೊದಲೇ ಮುಗಿಸಿ ಹಾರಾಟಕ್ಕೆ ಹೊರಡುವುದು ಜಾಣತನ.

ಪೂರ್ಣ ಶುಲ್ಕ ಒಮ್ಮೆಲೇ ಕಟ್ಟಿದರೆ ರಿಯಾಯಿತಿ ಎಂಬ ಮಾತಿಗೆ ಮರುಳಾಗಬಾರದು. ಹಾರಿದ ಗಂಟೆಗಳಿಗೆ ತಕ್ಕಂತೆ ಕಂತು ಕಟ್ಟುವ ಒಪ್ಪಂದ ವಿದ್ಯಾರ್ಥಿಯ ಕೈಯಲ್ಲಿ ಉಳಿಯುವ ಏಕೈಕ ಅಸ್ತ್ರ. ಶಾಲೆ ಬಿಟ್ಟರೆ ಅಥವಾ ಶಾಲೆಯೇ ಮುಚ್ಚಿದರೆ ಮರುಪಾವತಿ ಹೇಗೆ, ಇಂಧನ ದರ ಏರಿದರೆ ಹೊರೆ ಯಾರದು, ವಿಮಾನಕ್ಕೆ ಹಾನಿಯಾದರೆ ವಿಮೆ ಯಾರನ್ನು ಕಾಯುತ್ತದೆ ಎಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿರಬೇಕು. ಡಿಜಿಸಿಎ ಅನುಮೋದಿತ ಸಂಸ್ಥೆಗಳ ಅನುಮೋದಿತ ಹಾರಾಟ ತರಬೇತಿಗೆ ಜಿಎಸ್‌ಟಿ ವಿನಾಯಿತಿ ಇದೆ ಎಂದು 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿದೆ. ರಸೀದಿಯಲ್ಲಿ ಆ ತೆರಿಗೆ ಕಾಣಿಸಿದರೆ ಪ್ರಶ್ನಿಸುವ ಹಕ್ಕು ಪೋಷಕರಿಗಿದೆ.

ಸರ್ಕಾರ ಮಾಡಬೇಕಾದದ್ದು

ಶ್ರೇಣಿ ಪಟ್ಟಿ ಒಳ್ಳೆಯ ಆರಂಭ. ಅದು ಸಾಲದು. ಪ್ರತಿ ಶಾಲೆಯ ಹಾರುವ ವಿಮಾನಗಳ ಸಂಖ್ಯೆ, ವಿದ್ಯಾರ್ಥಿಗಳ ಸಂಖ್ಯೆ, 200 ಗಂಟೆ ಮುಗಿಸಲು ತಗಲಿದ ಸರಾಸರಿ ತಿಂಗಳು ಈ ಮೂರು ಅಂಕಿಗಳನ್ನು ಡಿಜಿಸಿಎ ತಿಂಗಳಿಗೊಮ್ಮೆ ಪ್ರಕಟಿಸಿದರೆ ಜಾಹೀರಾತುಗಳ ಅಬ್ಬರ ತಾನಾಗಿ ತಗ್ಗುತ್ತದೆ. ವಿಮಾನಗಳ ಸಂಖ್ಯೆಗೆ ಮೀರಿ ಪ್ರವೇಶ ಕೊಡದಂತೆ ಮಿತಿ ಹೇರುವುದು ಕಠಿಣವಾಗಬೇಕು. ಜಕ್ಕೂರಿನಂಥ ಸರ್ಕಾರಿ ಶಾಲೆಗೆ ಬೇಕಾದ ಬೋಧಕರನ್ನೂ ವಿಮಾನಗಳನ್ನೂ ಒದಗಿಸಿದರೆ ಹಣವಿಲ್ಲದ ಮನೆಯ ಮಕ್ಕಳಿಗೂ ಆಕಾಶದ ಬಾಗಿಲು ತೆರೆಯುತ್ತದೆ. ಅದು ರಾಜ್ಯ ಸರ್ಕಾರದ ಹೊಣೆ.

ಅಲ್ಲಿಯವರೆಗೆ ಲೆಕ್ಕ ಕೇಳುವ ಕೆಲಸ ವಿದ್ಯಾರ್ಥಿ ಮತ್ತು ಪೋಷಕರದೇ. ಹಾರಾಟಕ್ಕೆ ಮೊದಲು ಇಂಧನ, ತೂಕ, ಹವೆ ಎಲ್ಲವನ್ನೂ ಪಟ್ಟಿ ಹಿಡಿದು ಪರಿಶೀಲಿಸುವುದು ಪೈಲಟ್‌ನ ಮೊದಲ ಪಾಠ. ಆ ಪಾಠ ಶಾಲೆಯ ಕಚೇರಿಯಲ್ಲಿ, ಚೆಕ್‌ಗೆ ಸಹಿ ಹಾಕುವ ಮುನ್ನವೇ ಆರಂಭವಾಗಲಿ.