ಚೀಟಿಯಿಲ್ಲದ ಮಾತ್ರೆ

ಮಳೆಗಾಲದಲ್ಲಿ ಉಡುಪಿ, ಕಾಪು, ಕಾರ್ಕಳದ ಕಡೆ ಜ್ವರ ಬಾರದ ಮನೆ ವಿರಳ. ಆ ಜ್ವರಗಳಲ್ಲಿ ಅನೇಕವು ವೈರಾಣುಜನ್ಯವಾದ್ದರಿಂದ ಪ್ರತಿಜೀವಕ ಔಷಧಿಗಳಿಗೆ ಅಲ್ಲಿ ಕೆಲಸವೇ ಇಲ್ಲ. ಆದರೂ ಮೈ ಬಿಸಿಯಾದೊಡನೆ ಮೆಡಿಕಲಿಗೆ ಹೋಗಿ, ಹೋದ ಸಲದ ಖಾಲಿ ಸ್ಟ್ರಿಪ್ಪನ್ನು ತೋರಿಸಿ, ಅದೇ ಮಾತ್ರೆಯನ್ನು ಮೂರೋ ನಾಲ್ಕೋ ಕೊಂಡು ತಂದು, ಜ್ವರ ಇಳಿದೊಡನೆ ಮಿಕ್ಕಿದ್ದನ್ನು ನೆರೆಮನೆಯವರ ಕೆಮ್ಮಿಗೆ ಕೊಡುವ ಅಭ್ಯಾಸ ವಿದ್ಯಾವಂತರಲ್ಲಿಯೂ ಬೇರೂರಿದೆ. ಇದರಿಂದ ಯಾರಿಗೇನು ನಷ್ಟವೆಂದು ಕೇಳುವವರು ಒಮ್ಮೆ ನಮ್ಮ ಗದ್ದೆಯ ಕೆಸರಿನತ್ತ ನೋಡಬೇಕು.

ಆ ಕೆಸರಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯಾದಿಂದ ಮೆಲಿಯಾಯ್ಡೋಸಿಸ್ ಎಂಬ ವ್ಯಾಧಿಯುಂಟಾಗುತ್ತದೆ. ನೇಜಿ ನೆಡುವವರ ಕಾಲಿನ ಗಾಯದಿಂದಲೋ ಬಿರುಮಳೆಯಲ್ಲಿ ಉಸಿರಿನೊಡನೆಯೋ ದೇಹವನ್ನು ಹೊಕ್ಕು, ವಿಶೇಷವಾಗಿ ಮಧುಮೇಹಿಗಳನ್ನು ಪೀಡಿಸುವ ಈ ರೋಗವನ್ನು ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ವೈದ್ಯರು ಬಹುಕಾಲದಿಂದ ಗುರುತಿಸುತ್ತ ಬಂದಿದ್ದಾರೆ. ಶ್ವಾಸಕೋಶದಲ್ಲಿ ಕ್ಷಯವನ್ನೇ ಹೋಲುವ ಇದರ ನಿಜಸ್ವರೂಪ ತಿಳಿಯಬೇಕಾದರೆ ರೋಗಿಯ ರಕ್ತದಿಂದಲೋ ಕೀವಿನಿಂದಲೋ ರೋಗಾಣುವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ನೋಡಬೇಕು. ಮೊದಲೇ ನುಂಗಿದ ನಾಲ್ಕು ಮಾತ್ರೆಗಳು ಅದನ್ನು ಕೊಲ್ಲದೆ ಕೇವಲ ಕುಗ್ಗಿಸಿಬಿಟ್ಟಿದ್ದರೆ ಪರೀಕ್ಷೆಯಲ್ಲಿ ಏನೂ ಬೆಳೆಯದೆ, ವೈದ್ಯರು ಊಹೆಯ ಮೇಲೆಯೇ ನಡೆಯಬೇಕಾಗುತ್ತದೆ. ಪೆನಿಸಿಲಿನ್, ಜೆಂಟಾಮೈಸಿನ್‌ಗಳಿಗೆ ಇದು ಸಾಮಾನ್ಯವಾಗಿ ಬಗ್ಗದು. ಸೆಫ್ಟಜಿಡೈಮನ್ನೋ ಮೆರೊಪೆನೆಮನ್ನೋ ಕನಿಷ್ಠ 10ರಿಂದ 14 ದಿನ ರಕ್ತನಾಳದ ಮೂಲಕ ಕೊಟ್ಟು, ಬಳಿಕ 3 ತಿಂಗಳಾದರೂ ಮಾತ್ರೆ ನಡೆಸಬೇಕು. ನಡುವೆ ಬಿಟ್ಟರೆ ರೋಗ ಮರುಕಳಿಸುವ ಭಯವುಂಟು.

ಅದೇ ಮೆರೊಪೆನೆಮ್ ತೀವ್ರನಿಗಾ ಘಟಕಗಳಲ್ಲಿ ಇತರ ಅನೇಕ ಸೋಂಕುಗಳಿಗೂ ಕೊನೆಯ ಆಸರೆ. ಕ್ಲೆಬ್ಸಿಯೆಲ್ಲಾದಂಥ ರೋಗಾಣುಗಳ ಮುಂದೆ ಅದು ಸೋಲುತ್ತಿರುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವರದಿಗಳು ದಾಖಲಿಸುತ್ತಲೇ ಬಂದಿವೆ. ಸಾಲದ ಪ್ರಮಾಣದ ಔಷಧಿ ರೋಗಾಣುಗಳನ್ನು ಬಲಿಸುತ್ತದೆಂದು ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗರೇ 1945ರ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಸಿದ್ದರು.

ಕಾನೂನಿಗೇನೂ ಕೊರತೆಯಿಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಔಷಧ ನಿಯಮಗಳ ಎಚ್-1 ಅನುಸೂಚಿಯ ಪ್ರಕಾರ, ಸೆಫ್ಟಜಿಡೈಮ್, ಮೆರೊಪೆನೆಮ್‌ಗಳೆರಡೂ ಸೇರಿದಂತೆ ಹಲವು ಔಷಧಿಗಳನ್ನು ಮಾರುವವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಕಾಪಾಡತಕ್ಕದ್ದು. ಪರಿಚಿತ ಗಿರಾಕಿಯ ದಾಕ್ಷಿಣ್ಯದ ಮುಂದೆ ಪುಸ್ತಕವೊಂದೇ ಎಷ್ಟು ನಿಂತೀತು? ಚೀಟಿ ಕೇಳುವ ಅಂಗಡಿಯವರ ಮೇಲೆ ನಾವು ಮುನಿಯಬಾರದು. ಗದ್ದೆಗಿಳಿದವರಿಗೆ ಜ್ವರ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ, ಮಾಡಿದ ಕೆಲಸವನ್ನೂ ಇರುವ ಸಕ್ಕರೆ ಕಾಯಿಲೆಯನ್ನೂ ಈಗಾಗಲೇ ನುಂಗಿದ ಮಾತ್ರೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಿ. ಬರೆದುಕೊಟ್ಟ ಔಷಧಿಯನ್ನು ಹೇಳಿದಷ್ಟು ದಿನ ತೆಗೆದುಕೊಳ್ಳಿ. ಮನೆಯಲ್ಲಿ ಮಿಕ್ಕಿರುವುದನ್ನು ದಯವಿಟ್ಟು ಯಾರಿಗೂ ಕೊಡಬೇಡಿ.