ನಮ್ಮ ರೆಕಾರ್ಡ್, ಸಾಟೊ ರೆಕಾರ್ಡ್

ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬಿನ ಕ್ಯಾಂಟಿಲಿವರ್ ಎಕ್ಸ್‌ಪರಿಮೆಂಟ್ ನೆನಪಿದೆಯಾ? ಪಟ್ಟಿಯ ತುದಿಗೆ ಒಂದೊಂದೇ ತೂಕ ಹಾಕ್ತಾ, ಅದು ಎಷ್ಟು ಬಗ್ಗಿತು ಅಂತ ಟ್ರಾವೆಲಿಂಗ್ ಮೈಕ್ರೋಸ್ಕೋಪಲ್ಲಿ ನೋಡಿ, ಯಂಗ್ಸ್ ಮಾಡ್ಯುಲಸ್ ಕಂಡುಹಿಡಿಯೋದು. ನಮ್ಮ ಬ್ಯಾಚಿಗೆ ರೀಡಿಂಗ್ ಸರಿ ಬರಲಿಲ್ಲ, ಟೈಮೂ ಮುಗಿದಿತ್ತು. ಸೀನಿಯರ್ ಒಬ್ಬರ ರೆಕಾರ್ಡ್ ತೆಗೆದು, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, ಚೆಂದದ ರೀಡಿಂಗ್‌ಗಳನ್ನ ಬರೆದ್ವಿ. ಹತ್ತಕ್ಕೆ ಹತ್ತು ಬಂತು.

ಇದರಲ್ಲಿ ಏನೋ ತಪ್ಪಿದೆ ಅಂತ ಆಗ ಅನಿಸಲೇ ಇಲ್ಲ. ಅನಿಸಿದ್ದು ಜಪಾನಿನ ಯೋಶಿಹಿರೊ ಸಾಟೊ ಅನ್ನೋ ಡಾಕ್ಟರ್ ಬಗ್ಗೆ ಓದಿದ ಮೇಲೆ.

ಸಾಟೊ ರಿಸರ್ಚ್ ಮಾಡುತ್ತಿದ್ದದ್ದು ಮೂಳೆಯ ಬಗ್ಗೆ. ಲಕ್ವ ಹೊಡೆದವರು, ಪಾರ್ಕಿನ್ಸನ್ಸ್, ಅಲ್ಝೈಮರ್ಸ್ ಇರೋ ವಯಸ್ಸಾದವರು ಸುಲಭವಾಗಿ ಬೀಳ್ತಾರೆ. ಸೊಂಟದ ಹತ್ತಿರ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನ ಹಾಗೆ ಓಡಾಡೋದೇ ಇಲ್ಲ. 2005ರಲ್ಲಿ ಅಮೆರಿಕದ ದೊಡ್ಡ ಮೆಡಿಕಲ್ ಜರ್ನಲ್ 'ಜಾಮಾ'ದಲ್ಲಿ ಸಾಟೊ ತಂಡದ ಪೇಪರ್ ಬಂತು. ಲಕ್ವ ಹೊಡೆದಿದ್ದ, 65 ದಾಟಿದ 628 ಜನ. ಅರ್ಧ ಜನಕ್ಕೆ ಫೋಲೇಟ್ ಮತ್ತು ಬಿ12, ಉಳಿದವರಿಗೆ ಬರೀ ಹೆಸರಿಗೆ ಮಾತ್ರೆ. ಎರಡು ವರ್ಷದ ಲೆಕ್ಕದಲ್ಲಿ, ವರ್ಷಕ್ಕೆ ಸಾವಿರಕ್ಕೆ 43ರಷ್ಟು ಇದ್ದ ಫ್ರ್ಯಾಕ್ಚರ್ ವಿಟಮಿನ್ ತಗೊಂಡವರಲ್ಲಿ 10ಕ್ಕೆ ಇಳಿದಿತ್ತು. ಅಗ್ಗದ ವಿಟಮಿನ್ ಮಾತ್ರೆಯಿಂದ ಇಷ್ಟು ಲಾಭ!

ಇಂಥ ಪೇಪರ್‌ಗಳು ಒಂದರ ಹಿಂದೆ ಒಂದು ಬಂದವು. ಹೆಚ್ಚುಕಮ್ಮಿ ಎಲ್ಲದರಲ್ಲೂ ಭರ್ಜರಿ ರಿಸಲ್ಟ್.

ಅನುಮಾನಪಟ್ಟವರು ಸ್ಕಾಟ್ಲೆಂಡಿನ ಅಬರ್ಡೀನ್ ಯೂನಿವರ್ಸಿಟಿಯ ಆಲಿಸನ್ ಅವೆನೆಲ್, ನ್ಯೂಜಿಲೆಂಡಿನ ಆಕ್ಲೆಂಡ್ ಯೂನಿವರ್ಸಿಟಿಯ ಮಾರ್ಕ್ ಬೊಲ್ಯಾಂಡ್, ಆಂಡ್ರ್ಯೂ ಗ್ರೇ ಮತ್ತವರ ಜೊತೆಯವರು. ಅವರ ಮುಖ್ಯ ಆಯುಧ ಪೇಪರ್‌ನಲ್ಲೇ ಅಚ್ಚಾಗಿದ್ದ ಟೇಬಲ್‌ಗಳು. ಜನರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರೆ ವಯಸ್ಸು, ತೂಕ ಇವೆಲ್ಲ ಅಲ್ಲಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರಲೇಬೇಕು. ಪ್ರಾಬಬಿಲಿಟಿ ಓದಿರೋ ನಮಗೆ ಇದು ಗೊತ್ತು. ಸಾಟೊ ಅವರ 33 ಟ್ರಯಲ್‌ಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ ಗುಂಪುಗಳು ನಂಬಲಾಗದಷ್ಟು ಒಂದೇ ಥರ ಇದ್ದವು. 2016ರಲ್ಲಿ ಇದು 'ನ್ಯೂರಾಲಜಿ' ಜರ್ನಲ್‌ನಲ್ಲಿ ಪ್ರಕಟವಾಯಿತು. ಅದೇ ವರ್ಷ ಜಾಮಾ ಕೂಡ ಆ ಪೇಪರನ್ನ ವಾಪಸ್ ತಗೊಂಡಿತು. ಇವತ್ತು ಸಾಟೊ ಹೆಸರಲ್ಲಿ ವಾಪಸ್ ಆಗಿರೋ ಪೇಪರ್‌ಗಳು 100ಕ್ಕೂ ಹೆಚ್ಚು. ಸಿಕ್ಕಿಬೀಳೋ ಹೊತ್ತಿಗೆ ಬೇರೆಯವರು ಅವನ್ನ ತಮ್ಮ ರಿವ್ಯೂಗಳಲ್ಲಿ ಸೇರಿಸಿಕೊಂಡಾಗಿತ್ತು, ಅವನ್ನ ನಂಬಿ ಹೊಸ ಟ್ರಯಲ್‌ಗಳನ್ನೂ ಮಾಡಿಯಾಗಿತ್ತು. ಅದರಲ್ಲಿ ಮಾತ್ರೆ ನುಂಗಿದವರು ನಿಜವಾದ ಜನ.

"ಮಗಾ, ನಮ್ಮ ಕ್ಯಾಂಟಿಲಿವರ್‌ನಿಂದ ಯಾರ ಸೊಂಟ ಮುರಿಯತ್ತೆ?" ಅಂತ ಫ್ರೆಂಡ್ ನಕ್ಕ. ನಿಜ, ಎರಡೂ ಒಂದೇ ಅಂತ ನಾನೂ ಹೇಳಲ್ಲ. ಆದ್ರೆ ಲ್ಯಾಬ್ ನಮಗೆ ಕಲಿಸ್ತಿರೋದು ಏನು? ಉತ್ತರ ಮೊದಲೇ ಗೊತ್ತಿದೆ, ಅದಕ್ಕೆ ಸರಿಹೊಂದೋ ನಂಬರ್ ತಂದುಕೊಡು ಅನ್ನೋದನ್ನ. ನಾಳೆ ನಮ್ಮಲ್ಲೇ ಒಬ್ಬರು ಮೂಳೆಗೆ ಹಾಕೋ ಪ್ಲೇಟನ್ನೋ ಸೇತುವೆಯ ಕಾಂಕ್ರೀಟನ್ನೋ ಟೆಸ್ಟ್ ಮಾಡ್ತಾರೆ. ಆವತ್ತು ರೀಡಿಂಗ್ ಸರಿ ಬರದಿದ್ರೆ ಕೈ ಎಲ್ಲಿಗೆ ಹೋಗತ್ತೆ?

ತಪ್ಪು ಪೂರ್ತಿ ನಮ್ಮದೇ ಅಂತಲೂ ಅಲ್ಲ. ಒಂದು ಮೈಕ್ರೋಸ್ಕೋಪಿಗೆ ಐದಾರು ಜನ, ಎರಡು ಗಂಟೆ ಟೈಮ್, ಉತ್ತರ ತಪ್ಪಿದ್ರೆ ಮಾರ್ಕ್ಸ್ ಕಟ್. ಇಂಥ ಕಡೆ ಪ್ರಾಮಾಣಿಕವಾಗಿ ಬರೆದವನೇ ಪೆದ್ದ. ಅದಕ್ಕೆ ನನ್ನ ಬೇಡಿಕೆ ಒಂದೇ: ಸರಿ ಉತ್ತರಕ್ಕೆ ಕೊಡೋ ಮಾರ್ಕ್ಸಲ್ಲಿ ಅರ್ಧ, ಬಂದ ರೀಡಿಂಗನ್ನ ಇದ್ದ ಹಾಗೆ ಬರೆದು 'ಯಾಕೆ ಹೀಗೆ ಬಂತು' ಅಂತ ಯೋಚಿಸಿದವರಿಗೆ ಕೊಡಿ.

ಆವತ್ತು ನಮ್ಮ ರೀಡಿಂಗ್ ಯಾಕೆ ತಪ್ಪಿತ್ತು? ಕ್ಲ್ಯಾಂಪ್ ಸಡಿಲ ಇತ್ತಾ, ದಪ್ಪ ಅಳೆದದ್ದು ತಪ್ಪಾ? ಈಗ ಗೊತ್ತಾಗಲ್ಲ. ನಿಜವಾದ ನಂಬರ್ ಇದ್ದ ರಫ್ ಶೀಟನ್ನ ನಾವೇ ಡಸ್ಟ್‌ಬಿನ್‌ಗೆ ಹಾಕಿದ್ವಿ.

ಈ ಸೆಮಿಸ್ಟರ್ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬಲ್ಲಿ ಬಂದದ್ದನ್ನೇ ಬರೆದೆ. ಹತ್ತಕ್ಕೆ ಏಳು. ಆದ್ರೆ ವೈವಾದಲ್ಲಿ "ಯಾಕಪ್ಪಾ ಹೀಗೆ ಬಂತು?" ಅಂತ ಸರ್ ಕೇಳಿದಾಗ, ಮೊದಲ ಸಲ ನನ್ನ ಹತ್ತಿರ ಹೇಳೋಕೆ ಏನೋ ಇತ್ತು.