ಹೆಳವರ ಹೊತ್ತಗೆಯೂ ನಮ್ಮ ವಂಶಾವಳಿಯೂ

ಕೋಲಾರ ಸೀಮೆಯ ಗೃಹಸ್ಥರನ್ನು ಮೂಲಸ್ಥಳವಾವುದೆಂದು ಕೇಳಿದರೆ 'ಸುಗಟೂರು' ಎಂದು ಹೆಮ್ಮೆಯಿಂದ ನುಡಿಯುವವರುಂಟು. ಯಾವ ಸುಗಟೂರೆಂದು ಮರುಪ್ರಶ್ನೆ ಹಾಕಿದೊಡನೆ ಮಾತು ನಿಲ್ಲುತ್ತದೆ. ಕೋಲಾರ ತಾಲ್ಲೂಕಿನಲ್ಲಿ ಒಂದು ಸುಗಟೂರಿದೆ. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಜಂಗಮಕೋಟೆಯ ಕಡೆಗೆ ಮತ್ತೊಂದಿದೆ. ವಿಜಯನಗರದ ಅರಸರಿಂದ ಚಿಕ್ಕರಾಯನೆಂಬ ಬಿರುದನ್ನು ಪಡೆದು, ಹೊಸಕೋಟೆಯನ್ನು ಕಟ್ಟಿಸಿದ ಸುಗಟೂರು ಪ್ರಭುಗಳ ವಂಶದಲ್ಲಿಯೂ ತಮ್ಮೇಗೌಡ, ಇಮ್ಮಡಿ, ಮುಮ್ಮಡಿ ಎಂದು ಒಂದೇ ಹೆಸರು ತಲೆತಲಾಂತರವಾಗಿ ಸುತ್ತುತ್ತದೆ. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದವರು ಕೋಲಾರ ಹೊಸಕೋಟೆಗಳನ್ನು ಗೆದ್ದರು. ಅವು ಶಹಾಜಿಯ ಜಹಗೀರಿಗೆ ಸೇರಿದವು. ಆದರೂ ಆ ಮನೆತನದ ಎಳೆಯನ್ನು ಹಿಡಿಯಲು ಶಾಸನಗಳಿವೆ. ರೈಸ್ ಸಾಹೇಬರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯದೇ ಆಗಿದೆ. ಆ ಪ್ರಭುಗಳ ಕೆರೆಯ ಕೆಳಗೆ ಉತ್ತವನಿಗೆ ಯಾರು ಕಲ್ಲು ನೆಡಿಸಿದರು?

ನೆಡಿಸಿದವರಿಲ್ಲ, ಆದರೆ ನೆನಪಿಟ್ಟವರುಂಟು. ಅವರೇ ಹೆಳವರು. ಮೂಲಪುರುಷನು ಕಾಲಿಲ್ಲದವನಾಗಿ ಎತ್ತನ್ನೇರಿ ತಿರುಗಿದನೆಂಬುದು ಅವರ ಐತಿಹ್ಯ. ಇಂತಿಂಥ ಮನೆತನಗಳು ಇಂಥ ಹೆಳವರಿಗೆ ಸೇರಿದವೆಂಬ ಕಟ್ಟು ಪರಂಪರೆಯಿಂದ ಬಂದಿದೆ. ಕೆಲವು ವರ್ಷಗಳಿಗೊಮ್ಮೆ, ಸುಗ್ಗಿ ಮುಗಿದ ಮೇಲೆ, ಒಕ್ಕಲ ಮನೆಯ ಮುಂದೆ ನಿಂತು ಬೆಡಗು, ಮೂಲಸ್ಥಳ, ವಲಸೆ, ತಾತ ಮುತ್ತಾತಂದಿರ ಹೆಸರುಗಳನ್ನು ಕ್ರಮವಾಗಿ ಹೇಳಿ, ಆ ಮನೆಯಲ್ಲಿ ಹೊಸದಾಗಿ ಹುಟ್ಟಿದವರ ಹೆಸರನ್ನು ಹೊತ್ತಗೆಗೆ ಸೇರಿಸಿಕೊಂಡು, ಕಾಳು, ಬಟ್ಟೆ, ಹಣ, ಉಳ್ಳವರಿಂದ ಕರುವನ್ನೂ ಪಡೆದು ಹೋಗುವರು. ತೆಲುಗು ಸೀಮೆಯಲ್ಲಿ ಇದೇ ವೃತ್ತಿಯವರನ್ನು ಪಿಚ್ಚಿಗುಂಟ್ಲವರೆನ್ನುತ್ತಾರೆ. ಎರಡು ನುಡಿಗಳ ಗಡಿಯಲ್ಲಿರುವ ಮುಳಬಾಗಿಲು, ಶ್ರೀನಿವಾಸಪುರಗಳ ಜನರಿಗೆ ಆ ಹೆಸರೂ ಅಪರಿಚಿತವಲ್ಲ.

ಈ ವಿದ್ಯಾವಂತರನ್ನು ನಾವು ಭಿಕ್ಷುಕರೆಂದು ಎಣಿಸಿದೆವು. ಈ ಮಾತನ್ನು ಬರೆಯುವ ನಾವೂ ನಿರ್ದೋಷಿಗಳಲ್ಲ. ನಮ್ಮ ಬಾಗಿಲಿಗೂ ಒಮ್ಮೆ ಹೆಳವರು ಬಂದಿದ್ದರು; ಹೊತ್ತಾಯಿತೆಂಬ ಅವಸರದಲ್ಲಿ ಕೈಗೆ ಸಿಕ್ಕ ನಾಣ್ಯವನ್ನು ಕೊಟ್ಟು ಕಳುಹಿಸಿದೆವು, ಹೊತ್ತಗೆಯನ್ನು ಬಿಚ್ಚಿಸಲಿಲ್ಲ. ಮುಂದೆ ಪೌತಿ ಖಾತೆಗೆಂದು ಕಂದಾಯ ಇಲಾಖೆಯ ವಂಶವೃಕ್ಷ ಪತ್ರ ಬೇಕಾದಾಗ ಮುತ್ತಾತನ ಹೆಸರಿಗಾಗಿ ನೆಂಟರ ಮನೆಗಳನ್ನೆಲ್ಲ ಅಲೆದೆವು. ಸರ್ಕಾರಕ್ಕೆ ಬೇಕಾದುದು ವಾರಸುದಾರರ ಪಟ್ಟಿ ಮಾತ್ರ. ಯಾವ ಊರಿನಿಂದ ಬಂದಿರಿ, ಕ್ಷಾಮಕ್ಕೆ ಬಂದಿರೋ ದಂಡಿಗೆ ಹೆದರಿ ಬಂದಿರೋ ಎಂದು ಆ ಪತ್ರವು ಕೇಳುವುದಿಲ್ಲ.

ಹರಿದ್ವಾರದ ಪಂಡರ ವಹಿಗಳನ್ನು ಅಮೆರಿಕಾ ದೇಶದ ಯೂಟಾ ಪ್ರಾಂತದ ವಂಶಾವಳಿ ಸಂಘದವರು ಛಾಯಾಚಿತ್ರ ತೆಗೆದು ಕಾಪಾಡಿದ್ದಾರೆ. ಏಳು ಸಮುದ್ರದಾಚೆಯವರಿಗೆ ಇರುವ ಈ ಆಸ್ಥೆಯು ಕನ್ನಡಿಗರಿಗೆ ತಮ್ಮ ಹೆಳವರ ವಿಷಯದಲ್ಲಿ ಏಕಿರಬಾರದು? ಹೆಳವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಹೋಗಲೇಬೇಕು. ಎತ್ತಿನ ಹಿಂದೆ ಅಲೆಯಿರೆಂದು ಅವರಿಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದುದರಿಂದಲೇ ಈ ಕೆಲಸಕ್ಕೆ ಅವಸರವಿದೆ. ಹಳೆಯ ಅಕ್ಷರವನ್ನೂ ಸಂಕೇತವನ್ನೂ ಓದಬಲ್ಲ ಹಿರಿಯರು ಇರುವಾಗಲೇ ಪ್ರತಿ ಮಾಡಿಸಬೇಕು. ಆದರೆ ಹೊತ್ತಗೆಯನ್ನು ಕಸಿದು ಕಪಾಟಿನಲ್ಲಿ ಬೀಗ ಹಾಕುವುದು ಸಂರಕ್ಷಣೆಯಲ್ಲ. ಹೊತ್ತಗೆ ಹೆಳವರ ಸ್ವತ್ತು. ಅವರ ಒಪ್ಪಿಗೆಯಿಂದ, ಪಂಡಿತರಿಗೆ ಸಲ್ಲುವಂತಹ ಸಂಭಾವನೆಯನ್ನು ಕೊಟ್ಟು, ಅವರ ಬಾಯಿಂದಲೇ ಓದಿಸಿ ಬರೆದುಕೊಳ್ಳಬೇಕು. 1991ರಲ್ಲಿ ಹಂಪೆಯಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯಕ್ಕೆ ಇದಕ್ಕಿಂತ ಒಪ್ಪುವ ಕಾರ್ಯ ಯಾವುದಿದೆ?

ಹೆಳವರು ಹೇಳಿದ್ದೆಲ್ಲವೂ ವೇದವಾಕ್ಯವೆಂದು ನಮ್ಮ ಮತವಲ್ಲ. ದಾನ ಕೊಡುವ ಒಡೆಯನ ಮೂಲಪುರುಷನನ್ನು ತುಸು ದೊಡ್ಡವನನ್ನಾಗಿ ಮಾಡುವುದು ಯಾವ ದೇಶದ ವಂಶಗಾರರಿಗೂ ಸಹಜವೇ. ಶಾಸನ, ಕ್ರಯಪತ್ರ, ಇನಾಮಿನ ಕಾಗದ, ಶಾಲೆಯ ದಾಖಲೆ ಇವುಗಳೊಡನೆ ತಾಳೆ ನೋಡಲೇಬೇಕು. ಎಲ್ಲ ಜಾತಿಯವರಿಗೂ ಹೆಳವರಿಲ್ಲವೆಂಬುದನ್ನೂ ಮರೆಯಬಾರದು. ವಂಶಾವಳಿಯು ಗಂಡುಸಂತತಿಯ ಜಾಡನ್ನೇ ಹಿಡಿದು ಹೋಗುವುದರಿಂದ, ಬೇರೆ ಮನೆ ಸೇರಿದ ಹೆಣ್ಣುಮಕ್ಕಳ ಎಳೆ ಅಲ್ಲಿಗೇ ಕಡಿಯುತ್ತದೆ. ಇದು ಸಣ್ಣ ಕೊರತೆಯಲ್ಲ.

ಆಲೂರು ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಬರೆದು ಕದಂಬ ಚಾಲುಕ್ಯರ ನೆನಪಿನಿಂದ ನಮ್ಮನ್ನು ಎಚ್ಚರಿಸಿದರು. 1956ರ ನವೆಂಬರ್ 1ರಂದು ಪ್ರಾಂತವು ಒಂದಾಯಿತು. ಭೂಪಟ ಒಂದಾಯಿತು, ದಫ್ತರಗಳು ಒಂದಾಗಲಿಲ್ಲ. ಮುಂಬಯಿ ಆಡಳಿತಕ್ಕೆ ಸೇರಿದ್ದ ಕಡೆ ಮೋಡಿಯ ಕಾಗದ, ನಿಜಾಮರ ಕಡೆ ಉರ್ದು ಕಾಗದ. ಅಕ್ಕಲಕೋಟೆ, ಮಡಕಶಿರಾ, ಕಾಸರಗೋಡುಗಳಂತೂ ಹೊರಗೇ ಉಳಿದವು. ಅಣ್ಣನ ಮನೆ ಈಚೆ, ತಮ್ಮನ ಮನೆ ಆಚೆ ಆದ ಕುಟುಂಬಗಳೆಷ್ಟೋ ಇವೆ. ಹೆಳವರ ಎತ್ತಿಗೆ ಮಾತ್ರ ಗಡಿಯ ಕಲ್ಲು ಅಡ್ಡ ಬರಲಿಲ್ಲ. ಒಕ್ಕಲಿದ್ದ ಊರಿಗೆಲ್ಲ ಅದು ನಡೆಯಿತು. ಚದರಿದ ಕನ್ನಡ ಕುಟುಂಬಗಳನ್ನು ಒಂದೇ ಹೊತ್ತಗೆಯಲ್ಲಿ ಇಟ್ಟವರು ಅವರು.

ಉಪಾಧ್ಯಾಯ ಮಹಾಶಯರಲ್ಲಿ ನಮ್ಮದೊಂದು ಬಿನ್ನಹವಿದೆ. ಈ ವರ್ಷವೇ ಮಕ್ಕಳ ಕೈಯಿಂದ ತಂದೆಯ ಕಡೆಯ ಹೆಸರುಗಳೊಡನೆ ಅಜ್ಜಿಯರ ಹೆಸರನ್ನೂ ಅವರ ತವರೂರುಗಳನ್ನೂ ಬರೆಯಿಸಿರಿ. ಸುಗ್ಗಿಯ ಮೇಲೆ ಊರಿಗೆ ಹೆಳವರು ಬಂದಾಗ ಅವರನ್ನು ಜಗುಲಿಯ ಮೇಲೆ ಕುಳ್ಳಿರಿಸಿ, ಆ ಪಟ್ಟಿಯನ್ನು ಮುಂದಿಟ್ಟು, ಮೊದಲು ಇಷ್ಟನ್ನು ಕೇಳಿರಿ: ನಮ್ಮವರು ಯಾವ ಸುಗಟೂರಿನವರು?